ಜಾಮೀನು ಯಾರದ್ದು ಸ್ವಾಮಿ?

ಚಾರ್ಲ್ಸ್ ಫರ್ಗ್ಯುಸನ್ನನ ‘ಇನ್‌ಸೈಡ್ ಜಾಬ್’ ಸಾಕ್ಷ್ಯಚಿತ್ರವನ್ನು ಹೊಸದಾಗಿ ಹೊಗಳೋದಕ್ಕೆ ಏನೂ ಉಳಿದಿಲ್ಲ. 2010ರಲ್ಲಿ ಬಂತು, ಮರುವರ್ಷ ಆಸ್ಕರ್ ತಗೊಂಡಿತು. 2008ರ ಕುಸಿತಕ್ಕೆ ಯಾರ್ಯಾರು ಕಾರಣ ಅಂತ ಹೆಸರು ಹಿಡಿದು ಹೇಳಿದ ಸಿನಿಮಾ. ಆ ಹೊತ್ತಿಗೆ ಬಿಇ ಮುಗಿಸಿ, ಆಫರ್ ಲೆಟರ್ ಕೈಯಲ್ಲಿ ಹಿಡ್ಕೊಂಡು, ಜಾಯಿನಿಂಗ್ ಡೇಟ್ ಬರುತ್ತಾ ಇಲ್ವಾ ಅಂತ ಊರಲ್ಲಿ ಕೂತು ಕಾಯ್ತಿದ್ದ ಬ್ಯಾಚಿನವರಿಗೆ ಈ ಸಿನಿಮಾ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ. ನಾನೂ ಅದೇ ಬ್ಯಾಚು. ಮೂರು ಸಲ ನೋಡಿದ್ದೇನೆ. ಮೂರನೇ ಸಲ ನೋಡುವಾಗ ನನಗೊಂದು ತಕರಾರು ಹುಟ್ಟಿತು. ಇದು ಆ ತಕರಾರಿನ ಬರಹ.

ಸಿನಿಮಾ ಶುರುವಾಗೋದು ನ್ಯೂಯಾರ್ಕಿನಲ್ಲಲ್ಲ, ಐಸ್‌ಲ್ಯಾಂಡಿನಲ್ಲಿ. ಕಪ್ಪು ಕಲ್ಲಿನ ಬಯಲು, ಹಬೆಯಾಡುವ ನೆಲ, ನೋಡ್ತಾ ಕೂರೋಣ ಅನ್ನಿಸುವಂಥ ದೃಶ್ಯಗಳು. ನಿರೂಪಣೆ ಮಾಡುವ ಮ್ಯಾಟ್ ಡೇಮನ್ ತಣ್ಣಗಿನ ದನಿಯಲ್ಲಿ ಲೆಕ್ಕ ಕೊಡ್ತಾನೆ: ಜನಸಂಖ್ಯೆ 3.2 ಲಕ್ಷ, ಜಿಡಿಪಿ 1,300 ಕೋಟಿ ಡಾಲರ್, ಬ್ಯಾಂಕುಗಳು ಮಾಡಿದ ನಷ್ಟ 10,000 ಕೋಟಿ ಡಾಲರ್. ನಮ್ಮ ಕಡೆಯ ಒಂದು ದೊಡ್ಡ ತಾಲೂಕಿನಷ್ಟು ಜನ ಇರುವ ದೇಶ. ಅಲ್ಲಿನ ಮೂರು ಬ್ಯಾಂಕುಗಳು, ಕೌಪ್‌ತಿಂಗ್, ಲ್ಯಾಂಡ್ಸ್‌ಬಾಂಕಿ ಮತ್ತು ಗ್ಲಿಟ್ನಿರ್, ಖಾಸಗಿಯವರ ಕೈಗೆ ಬಂದು ಐದಾರು ವರ್ಷದಲ್ಲೇ ದೇಶದ ಆರ್ಥಿಕತೆಯ ಹತ್ತುಪಟ್ಟು ಸಾಲ ಎತ್ತಿದ್ದವು. ಈ ಭಾಗದ ಕೊನೆಗೆ ಒಂದು ಮಾತು ಬರುತ್ತೆ. ಐಸ್‌ಲ್ಯಾಂಡಿನ ಹಣಕಾಸು ನಿಯಂತ್ರಕರಲ್ಲಿ ಮೂರನೇ ಒಂದು ಭಾಗದಷ್ಟು ಜನ ಬ್ಯಾಂಕುಗಳಿಗೇ ಕೆಲಸಕ್ಕೆ ಹೋದರಂತೆ. ಅದಕ್ಕೆ ಅಲ್ಲಿನ ಅರ್ಥಶಾಸ್ತ್ರಜ್ಞ ಗಿಲ್ಫಿ ಝೋಯೆಗಾ, ಇದೇನು ನಮ್ಮೊಬ್ಬರ ಸಮಸ್ಯೆಯಾ, ನ್ಯೂಯಾರ್ಕಿನಲ್ಲೂ ಇದೇ ಕತೆ ಅಲ್ವಾ ಅಂತಾರೆ. ತಕ್ಷಣ ಹಾಡು ಶುರು, ಕ್ಯಾಮೆರಾ ಮ್ಯಾನ್‌ಹ್ಯಾಟನ್ ಮೇಲೆ ಹಾರುತ್ತೆ.

ಸಿನಿಮಾದ ಭಾಷೆಯಲ್ಲಿ ಇದು ಬಹಳ ಚೆಂದದ ಜಿಗಿತ. ನನ್ನ ತಕರಾರು ಇರೋದೂ ಇಲ್ಲೇ. ‘ಎಲ್ಲಾ ಕಡೆ ಇದೇ ಕತೆ’ ಅನ್ನೋ ಮಾತು ದುರಾಸೆಯ ಮಟ್ಟಿಗೆ ನಿಜ. ದುರಾಸೆಗೆ ವೀಸಾ ಬೇಕಾಗಿಲ್ಲ. ಬ್ಯಾಂಕು ಮುಳುಗಿದ ಮೇಲೆ ಯಾರು ದುಡ್ಡು ಕಟ್ಟಬೇಕು ಅನ್ನೋ ಪ್ರಶ್ನೆ ಬಂದಾಗ ಮಾತ್ರ ಎಲ್ಲಾ ಕಡೆ ಒಂದೇ ಕತೆ ಇರೋದಿಲ್ಲ. ಅಲ್ಲಿ ಗಡಿ ಬರುತ್ತೆ, ಅದೂ ಮುಳ್ಳುತಂತಿ ಸಮೇತ. ಅಮೆರಿಕದ ಬ್ಯಾಂಕು ಕುಸಿದಾಗ ಅಮೆರಿಕದ ಖಜಾನೆ ಇತ್ತು, ಡಾಲರ್ ಮುದ್ರಿಸುವ ಯಂತ್ರ ಇತ್ತು. ಐಸ್‌ಲ್ಯಾಂಡಿನ ಬ್ಯಾಂಕು ಬೇರೆ ದೇಶದವರ ಠೇವಣಿ ತಗೊಂಡು ಕುಸಿದಾಗ ಏನಿತ್ತು? ಫರ್ಗ್ಯುಸನ್ ಆ ಬಾಗಿಲು ತೆರೆದು, ಒಳಗೆ ಇಣುಕಿ, ಹಾಗೇ ಮುಂದೆ ಹೋಗಿಬಿಡ್ತಾನೆ. ಒಳಗಿದ್ದದ್ದು ‘ಐಸ್‌ಸೇವ್’ ಕತೆ.

ಲ್ಯಾಂಡ್ಸ್‌ಬಾಂಕಿ 2006ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ಐಸ್‌ಸೇವ್ ಅನ್ನೋ ಆನ್‌ಲೈನ್ ಉಳಿತಾಯ ಖಾತೆ ಶುರು ಮಾಡಿತು. ಕಟ್ಟಡ ಇಲ್ಲ, ಕೌಂಟರ್ ಇಲ್ಲ, ಒಂದು ವೆಬ್‌ಸೈಟು ಮತ್ತು ಬೇರೆಯವರಿಗಿಂತ ಜಾಸ್ತಿ ಬಡ್ಡಿ. ಮೂರು ಲಕ್ಷ ಬ್ರಿಟಿಷರು ಹಣ ಇಟ್ಟರು. 2008ರ ಮೇ ತಿಂಗಳಲ್ಲಿ, ಅಂದರೆ ಮೋಡ ಕಟ್ಟಿ ಗುಡುಗು ಶುರುವಾದ ಮೇಲೆ, ನೆದರ್ಲೆಂಡ್ಸಿನಲ್ಲೂ ಅದನ್ನೇ ತೆರೆದರು. ಅಲ್ಲಿ ಐದೇ ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಅಷ್ಟು ಹೊತ್ತಿಗೆ ಬ್ಯಾಂಕಿಗೆ ಮಾರುಕಟ್ಟೆಯಲ್ಲಿ ಸಾಲ ಹುಟ್ತಿರಲಿಲ್ಲ. ಸಾಲ ಕೊಡದಿದ್ದ ದೊಡ್ಡವರ ಜಾಗಕ್ಕೆ ಠೇವಣಿ ಇಡುವ ಸಣ್ಣವರನ್ನು ತಂದು ಕೂರಿಸಿದರು ಅಷ್ಟೇ.

ಇನ್ನೊಂದು ದೇಶದ ಬ್ಯಾಂಕು ಹೀಗೆ ಬಂದು ಜನರ ಹಣ ತಗೊಳ್ಳೋದನ್ನ ಬ್ರಿಟನ್ ಹೇಗೆ ಬಿಟ್ಟಿತು? ಬಿಡದೇ ಇರೋ ಹಾಗಿರಲಿಲ್ಲ. ಐಸ್‌ಲ್ಯಾಂಡ್ ಯುರೋಪಿಯನ್ ಯೂನಿಯನ್ನಿನಲ್ಲಿ ಇಲ್ಲದಿದ್ದರೂ ಯುರೋಪಿಯನ್ ಆರ್ಥಿಕ ವಲಯದ ಸದಸ್ಯ. ಅದರ ನಿಯಮದಂತೆ ಒಂದು ಸದಸ್ಯ ದೇಶದಲ್ಲಿ ಲೈಸೆನ್ಸ್ ಪಡೆದ ಬ್ಯಾಂಕು ಇನ್ನೊಂದು ದೇಶದಲ್ಲಿ ಹೊಸ ಲೈಸೆನ್ಸ್ ಇಲ್ಲದೇ ಬ್ರಾಂಚ್ ತೆರೆಯಬಹುದು. ಇದಕ್ಕೆ ಬ್ಯಾಂಕಿನವರ ಬಾಯಲ್ಲಿ ‘ಪಾಸ್‌ಪೋರ್ಟ್’ ಅಂತಲೇ ಹೆಸರು. ಬ್ಯಾಂಕು ಗಟ್ಟಿಯಾಗಿದೆಯಾ ಅಂತ ನೋಡುವ ಮುಖ್ಯ ಕೆಲಸ ತವರು ದೇಶದ್ದು. ಠೇವಣಿಗೆ ಮೊದಲ ಗ್ಯಾರಂಟಿಯೂ ತವರು ದೇಶದ ನಿಧಿಯದ್ದೇ, ತಲಾ 20,887 ಯೂರೋವರೆಗೆ. ಅದರ ಮೇಲಿನದ್ದಕ್ಕೆ ಮಾತ್ರ ಬ್ರಿಟನ್ನಿನ ವಿಮೆ. ಅಂದರೆ ಲಂಡನ್ನಿನ ಮೇಷ್ಟ್ರೊಬ್ಬರ ಉಳಿತಾಯಕ್ಕೆ ರೇಕ್ಯಾವಿಕ್‌ನ ಒಂದು ಪುಟ್ಟ ಕಚೇರಿ ಕಾವಲು, ಅದಕ್ಕಿಂತ ಪುಟ್ಟ ನಿಧಿಯೊಂದು ಜಾಮೀನು.

ನಮ್ಮೂರ ಸೊಸೈಟಿಯಲ್ಲಿ ಸಾಲ ಕೇಳಿದರೆ ಕಾರ್ಯದರ್ಶಿ ಮೊದಲು ಕೇಳ್ತಿದ್ದದ್ದು ಯಾಕೆ ಸಾಲ ಅಂತಲ್ಲ, ಜಾಮೀನು ಯಾರು ಅಂತ. ಜಾಮೀನಿಗೆ ಬಂದವನ ಪಹಣಿ ತೆಗೆಸಿ ನೋಡ್ತಿದ್ದರು. ಎರಡು ಎಕರೆ ಖುಷ್ಕಿ ಇದ್ದವನು ಇಪ್ಪತ್ತು ಜನಕ್ಕೆ ಜಾಮೀನು ಹಾಕಿದ್ದರೆ, ‘ನಿನ್ನ ಸಹಿ ಸಾಕು ಮಾರಾಯ, ನಡಿ ಮನೆಗೆ’ ಅಂತ ಎಬ್ಬಿಸಿ ಕಳಿಸ್ತಿದ್ದರು. ಯುರೋಪಿನ ಪಾಸ್‌ಪೋರ್ಟ್ ವ್ಯವಸ್ಥೆಯಲ್ಲಿ ಇಷ್ಟು ಮಾತ್ರದ ಪಹಣಿ ನೋಡುವ ಅಧಿಕಾರವೂ ಆತಿಥೇಯ ದೇಶಕ್ಕೆ ನೆಟ್ಟಗೆ ಇರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಪರದೇಶದ ಬ್ಯಾಂಕು ಎರಡು ರೀತಿಯಲ್ಲಿ ಬರಬಹುದು, ಬ್ರಾಂಚ್ ಆಗಿ ಅಥವಾ ಸಬ್ಸಿಡಿಯರಿ ಆಗಿ. ಬ್ರಾಂಚ್ ಅಂದರೆ ಒಟ್ಟು ಕುಟುಂಬದಲ್ಲೇ ಇದ್ದುಕೊಂಡು ಪೇಟೆಯಲ್ಲಿ ಅಂಗಡಿ ನೋಡಿಕೊಳ್ಳುವ ಮಗ. ಆಸ್ತಿ ಎಲ್ಲ ಅಪ್ಪನ ಹೆಸರಲ್ಲಿ, ಸಾಲವೂ ಮನೆಯದ್ದೇ. ಸಬ್ಸಿಡಿಯರಿ ಅಂದರೆ ಪಾಲು ತಗೊಂಡು ಬೇರೆ ಮನೆ ಮಾಡಿದ ಮಗ. ಮನೆ ಹೆಸರು ಅದೇ ಇದ್ದರೂ ಪಹಣಿ ಬೇರೆ. ಅವನು ಇರುವ ಊರಿನ ಕಾನೂನು ಅವನಿಗೆ, ಅಪ್ಪ ದಿವಾಳಿ ಎದ್ದರೂ ಇವನ ಪಾಲಿಗೆ ಸುಲಭಕ್ಕೆ ಕೈ ಹಾಕೋ ಹಾಗಿಲ್ಲ.

ಲ್ಯಾಂಡ್ಸ್‌ಬಾಂಕಿಗೆ ಲಂಡನ್ನಿನಲ್ಲಿ ಎರಡೂ ಇದ್ದವು. ಐಸ್‌ಸೇವ್ ಬ್ರಾಂಚಿನ ವ್ಯವಹಾರ. ಹೆರಿಟಬಲ್ ಬ್ಯಾಂಕ್ ಅನ್ನೋದು ಬ್ರಿಟಿಷ್ ಸಬ್ಸಿಡಿಯರಿ. 2008ರ ಅಕ್ಟೋಬರ್ ಮೊದಲ ವಾರ ಇಬ್ಬರ ಹಣೆಬರಹ ನೋಡಿ. ಹೆರಿಟಬಲ್ಲಿನ ಠೇವಣಿಗಳನ್ನು ಬ್ರಿಟಿಷ್ ಅಧಿಕಾರಿಗಳು ಐಎನ್‌ಜಿ ಡೈರೆಕ್ಟಿಗೆ ವರ್ಗಾಯಿಸಿ ಮುಗಿಸಿದರು. ಖಾತೆದಾರರಿಗೆ ಬ್ಯಾಂಕಿನ ಹೆಸರು ಬದಲಾಯಿತು ಅಷ್ಟೇ. ಮರುದಿನ ಕೌಪ್‌ತಿಂಗಿನ ಬ್ರಿಟಿಷ್ ಸಬ್ಸಿಡಿಯರಿಯ ಆನ್‌ಲೈನ್ ಠೇವಣಿಗಳಿಗೂ ಅದೇ ದಾರಿ. ಐಸ್‌ಸೇವ್ ಖಾತೆದಾರರು ಮಾತ್ರ ಲಾಗಿನ್ ಆಗಲು ಹೋಗಿ ಆಗದೆ ಕೂತರು. ಒಂದೇ ಯಜಮಾನ, ಒಂದೇ ಊರು, ಕಾಗದ ಮಾತ್ರ ಬೇರೆ. ಹಣ ಇಟ್ಟ ಮನುಷ್ಯನಿಗೆ ಈ ವ್ಯತ್ಯಾಸ ವೆಬ್‌ಸೈಟಿನ ಅಡಿಯ ಸಣ್ಣ ಅಕ್ಷರದಲ್ಲಿ ಬಿಟ್ಟರೆ ಎಲ್ಲೂ ಕಾಣುವಂಥದ್ದಲ್ಲ. ಬೇಸರದ ಸಂಗತಿ ಏನಂದರೆ, ಐಸ್‌ಸೇವ್ ಅನ್ನೂ ಸಬ್ಸಿಡಿಯರಿ ಮಾಡಿ ಅಂತ ಬ್ರಿಟಿಷ್ ನಿಯಂತ್ರಕರು ಮತ್ತು ಲ್ಯಾಂಡ್ಸ್‌ಬಾಂಕಿ ನಡುವೆ 2008ರಲ್ಲಿ ತಿಂಗಳುಗಟ್ಟಲೆ ಮಾತುಕತೆ ನಡೆದಿತ್ತು. ಮುಗಿಯುವ ಮೊದಲೇ ಬ್ಯಾಂಕು ಮುಗಿಯಿತು.

ಅಕ್ಟೋಬರ್ 6ರಂದು ಐಸ್‌ಲ್ಯಾಂಡಿನ ಪ್ರಧಾನಿ ಗೇರ್ ಹಾರ್ಡೆ ಟೀವಿಯಲ್ಲಿ ಮಾತಾಡಿ, ಕೊನೆಗೆ ದೇವರೇ ಈ ದೇಶವನ್ನು ಕಾಪಾಡಲಿ ಅನ್ನೋ ಅರ್ಥದ ಮಾತು ಹೇಳಿ ಮುಗಿಸಿದರು. ಅದೇ ದಿನ ತುರ್ತು ಕಾನೂನು ಬಂತು. ಐಸ್‌ಲ್ಯಾಂಡಿನವರ ಖಾತೆಗಳೆಲ್ಲ ಹೊಸದಾಗಿ ಕಟ್ಟಿದ ಬ್ಯಾಂಕಿಗೆ ಹೋದವು, ಹೊರಗಿನವರ ಖಾತೆಗಳು ಸತ್ತ ಬ್ಯಾಂಕಿನಲ್ಲೇ ಉಳಿದವು. 8ನೇ ತಾರೀಖು ಗಾರ್ಡನ್ ಬ್ರೌನ್ ಸರ್ಕಾರ ಬ್ರಿಟನ್ನಿನಲ್ಲಿದ್ದ ಲ್ಯಾಂಡ್ಸ್‌ಬಾಂಕಿ ಆಸ್ತಿಯನ್ನು ಮುಟ್ಟುಗೋಲು ಹಾಕಿತು. ಬಳಸಿದ್ದು ಯಾವ ಕಾನೂನು ಗೊತ್ತಾ? 2001ರ ಭಯೋತ್ಪಾದನಾ ವಿರೋಧಿ ಕಾಯ್ದೆ. ಅದರಲ್ಲಿ ಭಯೋತ್ಪಾದನೆಗೆ ಸಂಬಂಧವಿಲ್ಲದ ಒಂದು ಭಾಗವೂ ಇದೆ ಅನ್ನೋದು ವಕೀಲರ ವಿವರಣೆ. ಬ್ರಿಟಿಷ್ ಖಜಾನೆಯ ವೆಬ್‌ಸೈಟಿನಲ್ಲಿ ಬ್ಯಾಂಕಿನ ಹೆಸರು ಅಲ್‌ಖೈದಾ ಇದ್ದ ಪಟ್ಟಿಯಲ್ಲೇ ಕಾಣಿಸಿಕೊಂಡಿತಲ್ಲ, ಮೀನು ಹಿಡಿದು ಬದುಕುವ ಜನಕ್ಕೆ ಹೇಗಾಗಿರಬೇಡ! ನಾವು ಭಯೋತ್ಪಾದಕರ ಥರ ಕಾಣ್ತೀವಾ ಅಂತ ಮನೆಮಂದಿಯೆಲ್ಲ ನಿಂತು ಫೋಟೋ ತೆಗೆಸಿ ಕಳಿಸಿದರು.

ಬ್ರಿಟಿಷರನ್ನು ಬೈಯೋದು ಸುಲಭ. ಬೇರೆ ಆಯುಧ ಅವರ ಬತ್ತಳಿಕೆಯಲ್ಲಿ ಇರಲಿಲ್ಲ ಅನ್ನೋದೂ ನಿಜ. ಗಡಿ ದಾಟಿ ವ್ಯಾಪಾರ ಮಾಡೋ ಬ್ಯಾಂಕನ್ನು ಮುಚ್ಚೋದು ಹೇಗೆ ಅಂತ ಎರಡೂ ದೇಶ ಮೊದಲೇ ಕೂತು ಬರೆದುಕೊಂಡಿದ್ದರೆ, ಬಾಂಬಿಗೆ ಅಂತ ಮಾಡಿದ ಕಾನೂನನ್ನು ಉಳಿತಾಯ ಖಾತೆಗೆ ತಿರುಗಿಸುವ ಪ್ರಸಂಗ ಬರ್ತಿರಲಿಲ್ಲ. ಸ್ವತಃ ಬ್ರಿಟನ್ನಿನ ನೂರಕ್ಕೂ ಹೆಚ್ಚು ಸ್ಥಳೀಯ ಆಡಳಿತಗಳು ಐಸ್‌ಲ್ಯಾಂಡಿನ ಬ್ಯಾಂಕುಗಳಲ್ಲಿ ಸುಮಾರು 95 ಕೋಟಿ ಪೌಂಡ್ ಇಟ್ಟು ಕೂತಿದ್ದವು. ಇವರಿಗೆ ವಿಮೆಯೂ ಇರಲಿಲ್ಲ. ನಮ್ಮಲ್ಲಿ ಮುನಿಸಿಪಾಲಿಟಿ ದುಡ್ಡನ್ನು ಜಾಸ್ತಿ ಬಡ್ಡಿ ಆಸೆಗೆ ಎಲ್ಲೋ ಇಟ್ಟು ಕೈಸುಟ್ಟುಕೊಂಡರೆ ಎಷ್ಟು ದಿನ ಗಲಾಟೆ ನಡೆಯುತ್ತಿತ್ತೋ, ಅಲ್ಲೂ ಅಷ್ಟೇ ನಡೆಯಿತು.

ಬ್ರಿಟನ್ ಮತ್ತು ನೆದರ್ಲೆಂಡ್ಸ್ ತಮ್ಮ ಖಾತೆದಾರರಿಗೆ ತಾವೇ ಹಣ ಕೊಟ್ಟು ಬಿಲ್ಲನ್ನು ಐಸ್‌ಲ್ಯಾಂಡಿಗೆ ಕಳಿಸಿದವು. ಕನಿಷ್ಠ ಗ್ಯಾರಂಟಿಯ ಮೊತ್ತವೇ ಸುಮಾರು 400 ಕೋಟಿ ಯೂರೋ. ಹಸುಗೂಸು ಸೇರಿ ತಲೆಗೆ 12 ಸಾವಿರ ಯೂರೋ ಮೇಲೆ, ಬಡ್ಡಿ ಬೇರೆ. ಒಪ್ಪಂದಕ್ಕೆ ಸಂಸತ್ತು ಹೂಂ ಅಂದಿತು, ಅಧ್ಯಕ್ಷ ಓಲಾವುರ್ ಗ್ರಿಮ್ಸನ್ ಸಹಿ ಹಾಕಲಿಲ್ಲ, ಜನರನ್ನೇ ಕೇಳಿ ಅಂದರು. 2010ರ ಮಾರ್ಚ್ 6ರ ಜನಮತದಲ್ಲಿ ಶೇ. 93ಕ್ಕೂ ಹೆಚ್ಚು ಜನ ಇಲ್ಲ ಅಂದರು. ಬಡ್ಡಿ ಇಳಿಸಿ ಇನ್ನೊಂದು ಒಪ್ಪಂದ ತಂದರು. 2011ರ ಏಪ್ರಿಲಿನಲ್ಲಿ ಅದಕ್ಕೂ ಸುಮಾರು ಶೇ. 60 ಜನ ಇಲ್ಲ ಅಂದರು. ಕೊನೆಗೆ 2013ರ ಜನವರಿ 28ರಂದು ಎಫ್ಟಾ ನ್ಯಾಯಾಲಯ, ಇಡೀ ವ್ಯವಸ್ಥೆಯೇ ಕುಸಿದಾಗ ಗ್ಯಾರಂಟಿ ನಿಧಿಯ ಕೊರತೆಯನ್ನು ಸರ್ಕಾರ ತನ್ನ ಬೊಕ್ಕಸದಿಂದ ತುಂಬಬೇಕು ಅಂತ ನಿಯಮ ಹೇಳುವುದಿಲ್ಲ ಅಂತ ತೀರ್ಪು ಕೊಟ್ಟಿತು. ಅಷ್ಟು ವರ್ಷ ‘ಗ್ಯಾರಂಟಿ’ ಅಂತ ಎಲ್ಲರೂ ಕರೀತಿದ್ದ ಪದದ ಹಿಂದೆ ಯಾರು ನಿಂತಿದ್ದಾರೆ ಅಂತ ನೋಡಿದರೆ, ಯಾರೂ ಇಲ್ಲ. ಸತ್ತ ಬ್ಯಾಂಕಿನ ಆಸ್ತಿ ಮಾರಿ ಮಾರಿ 2016ರ ಜನವರಿಯಲ್ಲಿ ಐಸ್‌ಸೇವ್ ಬಾಕಿ ತೀರಿತು. ಅಂದರೆ ಹಣ ಇತ್ತು. ಇಲ್ಲದ್ದು ಯಾರು ಮೊದಲು, ಯಾರು ಆಮೇಲೆ, ಯಾರ ಮಾತು ಕೊನೆ ಅನ್ನೋ ಒಪ್ಪಂದ.

ಮೊದಲ ಜನಮತ ನಡೆದಾಗ ಸಿನಿಮಾ ಇನ್ನೂ ಬಿಡುಗಡೆಯೇ ಆಗಿರಲಿಲ್ಲ. ಫರ್ಗ್ಯುಸನ್ ಐಸ್‌ಲ್ಯಾಂಡಿನಿಂದ ನಂತರ ಎತ್ತಿಕೊಳ್ಳೋದು ಮುಖ್ಯವಾಗಿ ಒಂದು ಎಳೆ, ಫ್ರೆಡರಿಕ್ ಮಿಷ್ಕಿನ್. ಅಮೆರಿಕದ ಈ ದೊಡ್ಡ ಪ್ರೊಫೆಸರ್ 2006ರಲ್ಲಿ ಐಸ್‌ಲ್ಯಾಂಡಿನ ವಾಣಿಜ್ಯ ಮಂಡಳಿಯಿಂದ 1,24,000 ಡಾಲರ್ ತಗೊಂಡು ಅಲ್ಲಿನ ‘ಹಣಕಾಸು ಸ್ಥಿರತೆ’ ಬಗ್ಗೆ ವರದಿ ಬರೆದವರು. ಕುಸಿತದ ನಂತರ ಅವರ ಸಿವಿಯಲ್ಲಿ ಅದರ ಹೆಸರು ‘ಅಸ್ಥಿರತೆ’ ಅಂತ ಆಗಿತ್ತು. ಕೇಳಿದರೆ ಅಚ್ಚಿನ ತಪ್ಪು ಅಂತಾರೆ. ಥಿಯೇಟರಿನಲ್ಲಿ ಚಪ್ಪಾಳೆ ಬೀಳೋ ಜಾಗ ಅದು. ನಾನೂ ನಕ್ಕಿದ್ದೇನೆ. ಆದರೆ ಮಿಷ್ಕಿನ್ ಪ್ರಾಮಾಣಿಕವಾಗಿಯೇ ಬರೆದಿದ್ದರೂ ಲಂಡನ್ನಿನ ಮೇಷ್ಟ್ರ ಹಣಕ್ಕೆ ಜಾಮೀನು ಹುಟ್ಟುತ್ತಿರಲಿಲ್ಲ. ಕೆಟ್ಟವರನ್ನು ಹಿಡಿಯೋದರಲ್ಲಿ ಈ ಸಿನಿಮಾ ಎಷ್ಟು ಚುರುಕೋ, ಕೆಟ್ಟ ಜೋಡಣೆಯನ್ನು ಹಿಡಿಯೋದರಲ್ಲಿ ಅಷ್ಟೇ ಸೋಮಾರಿ. ನಮ್ಮ ಕೆಲಸದಲ್ಲಿ ಪ್ರೊಡಕ್ಷನ್ ಬಿದ್ದಾಗ ಯಾರು ಕೋಡ್ ಹಾಕಿದ್ದು ಅಂತ ಕಿರುಚುವ ಮ್ಯಾನೇಜರ್ ಒಬ್ಬ ಇರ್ತಾನೆ. ಎರಡು ಸಿಸ್ಟಮ್ ನಡುವಿನ ಒಪ್ಪಂದ ಎಲ್ಲಿದೆ ತೋರಿಸಿ ಅಂತ ಕೇಳುವ ಹಿರಿಯಳೊಬ್ಬಳು ಮೂಲೆಯಲ್ಲಿರ್ತಾಳೆ. ಸಿನಿಮಾ ಆ ಮ್ಯಾನೇಜರ್ ಥರ.

ಇದು ಅಮೆರಿಕದ ಬಗ್ಗೆ ಮಾಡಿದ ಸಿನಿಮಾ, ಅದನ್ನೇ ಯಾಕೆ ಕೇಳ್ತೀಯ ಅನ್ನಬಹುದು. ಸರಿ, ಅಮೆರಿಕದ ಕತೆಗೇ ಬರೋಣ. ಸಿನಿಮಾದ ನಡುವೆ ಲೆಹ್ಮನ್ ಬ್ರದರ್ಸ್ ದಿವಾಳಿಯ ಭಾಗವಿದೆ. ಬ್ರಿಟಿಷ್ ಕಾನೂನಿನ ಪ್ರಕಾರ ಲೆಹ್ಮನ್ನಿನ ಲಂಡನ್ ಕಚೇರಿಯ ವ್ಯವಹಾರ ತಕ್ಷಣ ನಿಲ್ಲಬೇಕಾಯ್ತು. ಅಲ್ಲಿ ಆಸ್ತಿ ಇಟ್ಟಿದ್ದ ಹೆಡ್ಜ್ ಫಂಡುಗಳಿಗೆ ರಾತ್ರಿ ಬೆಳಗಾಗುವುದರಲ್ಲಿ ತಮ್ಮದೇ ಹಣ ಕೈಗೆ ಸಿಗದಾಯ್ತು. ಪೌಲ್ಸನ್ ಮತ್ತು ಬರ್ನಾಂಕೆ ಬೇರೆ ಸರ್ಕಾರಗಳನ್ನು ಕೇಳಿರಲಿಲ್ಲ, ಬೇರೆ ದೇಶದ ದಿವಾಳಿ ಕಾನೂನು ಏನು ಮಾಡುತ್ತೆ ಅನ್ನೋದೂ ಅವರಿಗೆ ಗೊತ್ತಿರಲಿಲ್ಲ ಅಂತ ಸಿನಿಮಾ ಹೇಳುತ್ತೆ. ಆಗ ಫ್ರಾನ್ಸಿನ ಹಣಕಾಸು ಸಚಿವೆಯಾಗಿದ್ದ ಕ್ರಿಸ್ಟೀನ್ ಲಗಾರ್ಡ್ ಅವರನ್ನು, ನಿಮಗೆ ಯಾವಾಗ ತಿಳಿಸಿದರು ಅಂತ ಕೇಳಿದರೆ, ಎಲ್ಲಾ ಆದ ಮೇಲೆ ಅಂತಾರೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಭಯ ಹುಟ್ಟಿಸಿದ ಉತ್ತರ ಇದು. ಇಲ್ಲಿ ದುರಾಸೆ ಇಲ್ಲ, ಲಂಚ ಇಲ್ಲ, ವೇಶ್ಯೆಯರ ಬಿಲ್ಲಿಲ್ಲ. ಫೋನ್ ಮಾಡಬೇಕಾದವರು ಮಾಡಿಲ್ಲ, ಯಾಕಂದರೆ ಮಾಡಲೇಬೇಕು ಅಂತ ಯಾವ ನಿಯಮವೂ ಇರಲಿಲ್ಲ. ಸಿನಿಮಾ ಇದಕ್ಕೆ ಕೊಡೋದು ಒಂದೆರಡು ನಿಮಿಷ.

ಇದೇನು 2008ರಲ್ಲಿ ಮೊದಲ ಸಲ ಗೊತ್ತಾದದ್ದೂ ಅಲ್ಲ. 1974ರ ಜೂನ್ 26ರಂದು ಜರ್ಮನಿಯ ಕಲೋನಿನಲ್ಲಿ ಹೆರ್‌ಸ್ಟಾಟ್ ಅನ್ನೋ ಬ್ಯಾಂಕನ್ನು ಸಂಜೆ ಮುಚ್ಚಿದರು. ಅವತ್ತಿನ ಜರ್ಮನ್ ಮಾರ್ಕು ಅದರ ಖಾತೆಗೆ ಬಂದಾಗಿತ್ತು, ಬದಲಿಗೆ ಕೊಡಬೇಕಾದ ಡಾಲರ್ ನ್ಯೂಯಾರ್ಕಿನಿಂದ ಹೋಗಬೇಕಿತ್ತು, ಅಲ್ಲಿ ಇನ್ನೂ ಬೆಳಗಿನ ಹೊತ್ತು. ಮಾರ್ಕು ಕೊಟ್ಟವರು ಡಾಲರ್ ಇಲ್ಲದೆ ಕೂತರು. ಟೈಮ್‌ಝೋನ್ ಬಗ್ ಅಂದರೆ ಇದು! ಆ ಪೆಟ್ಟಿನ ನಂತರವೇ ಬಾಸೆಲ್ ಸಮಿತಿ ಹುಟ್ಟಿದ್ದು. ತವರು ದೇಶ ಏನು ನೋಡಬೇಕು, ಆತಿಥೇಯ ದೇಶ ಏನು ನೋಡಬೇಕು ಅಂತ 1975ರಲ್ಲೇ ಒಂದು ಒಡಂಬಡಿಕೆ ಬರೆದರು. ಅದರಲ್ಲಿದ್ದದ್ದು ಬದುಕಿರುವ ಬ್ಯಾಂಕಿನ ಮೇಲೆ ಯಾರ ಕಣ್ಣಿರಬೇಕು ಅನ್ನೋದು. ಸತ್ತರೆ ಖರ್ಚು ಯಾರದ್ದು ಅನ್ನೋದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ.

ನಾನು ಕೆಲವು ವರ್ಷ ಪರದೇಶದ ಬ್ಯಾಂಕೊಂದರ ಪ್ರಾಜೆಕ್ಟಿನಲ್ಲಿದ್ದೆ. ಪ್ರತಿ ವ್ಯವಹಾರದ ಸಾಲಿನಲ್ಲೂ ‘ಲೀಗಲ್ ಎಂಟಿಟಿ’ ಅಂತ ಒಂದು ಕಾಲಂ, ಖಾಲಿ ಬಿಡೋ ಹಾಗಿಲ್ಲ. ಗ್ರಾಹಕ ನೋಡುವ ಸ್ಕ್ರೀನಿನಲ್ಲಿ ಅದು ಇರೋದಿಲ್ಲ. ಅಲ್ಲಿ ಲೋಗೋ ಒಂದೇ, ಬಣ್ಣ ಒಂದೇ, ಘೋಷಣೆ ಒಂದೇ. ಒಳಗೆ ಮಾತ್ರ ಈ ವ್ಯವಹಾರ ಯಾವ ದೇಶದ ಯಾವ ಕಂಪನಿಯ ಲೆಕ್ಕ ಅಂತ ಒಂದು ಸಣ್ಣ ಕೋಡು. ಐಸ್‌ಸೇವಿನವರ ಮತ್ತು ಹೆರಿಟಬಲ್ಲಿನವರ ನಡುವೆ ಇದ್ದದ್ದು ಆ ಒಂದು ಕಾಲಮ್ಮಿನ ವ್ಯತ್ಯಾಸ.

ಸಿನಿಮಾದಲ್ಲಿ ಮಾತಾಡುವವರಲ್ಲಿ ನಮ್ಮವರೊಬ್ಬರಿದ್ದಾರೆ, ರಘುರಾಮ್ ರಾಜನ್. 2005ರಲ್ಲೇ ಎಚ್ಚರಿಸಿದ್ದ ಕಾರಣಕ್ಕೆ ಅವರಿಗೆ ಅಲ್ಲಿ ಮರ್ಯಾದೆಯ ಕುರ್ಚಿ. 2013ರ ಸೆಪ್ಟೆಂಬರಿನಲ್ಲಿ ಅವರು ರಿಸರ್ವ್ ಬ್ಯಾಂಕ್ ಗವರ್ನರ್ ಆದರು. ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ವಿದೇಶಿ ಬ್ಯಾಂಕುಗಳಿಗೆ ಒಂದು ಚೌಕಟ್ಟು ತಂದಿತು: ಇಲ್ಲಿ ಸಬ್ಸಿಡಿಯರಿ ಮಾಡಿ, ಹೆಚ್ಚುಕಮ್ಮಿ ದೇಶೀ ಬ್ಯಾಂಕಿನಂತೆಯೇ ನೋಡ್ತೀವಿ ಅಂತ. ದಿವಾಳಿ ಆದಾಗ ತಮ್ಮ ದೇಶದ ಠೇವಣಿದಾರರಿಗೇ ಮೊದಲು ಅನ್ನುವ ಕಾನೂನಿರುವ ಕಡೆಯಿಂದ ಹೊಸದಾಗಿ ಬರುವ ಬ್ಯಾಂಕಿಗಂತೂ ಅದು ಕಡ್ಡಾಯ. ಐಸ್‌ಸೇವ್ ಕತೆ ಗೊತ್ತಿದ್ದವರಿಗೆ ಆ ಷರತ್ತು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಳೆಯ ದೊಡ್ಡ ಹೆಸರುಗಳು ಬ್ರಾಂಚ್ ಆಗಿಯೇ ಉಳಿದವು, ಮಾರಿಷಸ್ಸಿನ ಎಸ್‌ಬಿಎಂ ಮತ್ತು ಸಿಂಗಪುರದ ಡಿಬಿಎಸ್ ಒಪ್ಪಿಕೊಂಡವು. ಬಂಡವಾಳವನ್ನು ದೇಶಕ್ಕೊಂದು ಡಬ್ಬಿಯಲ್ಲಿ ಹಾಕಿ ಬೀಗ ಹಾಕಿದರೆ ನಷ್ಟ ಅನ್ನೋದು ಬ್ಯಾಂಕುಗಳ ವಾದ. ಸುಳ್ಳಲ್ಲ. ಆದರೆ 2020ರ ನವೆಂಬರಿನಲ್ಲಿ ಲಕ್ಷ್ಮಿ ವಿಲಾಸ್ ಬ್ಯಾಂಕು ಮುಳುಗುವ ಹೊತ್ತಿಗೆ ಅದನ್ನು ಡಿಬಿಎಸ್ಸಿನ ಭಾರತೀಯ ಕಂಪನಿಯೊಳಗೆ ಹತ್ತೇ ದಿನದಲ್ಲಿ ವಿಲೀನ ಮಾಡಲಾಯಿತು. ಷೇರುದಾರರ ಪಾಲು ಸೊನ್ನೆಯಾಯ್ತು, ಠೇವಣಿದಾರರ ಹಣ ಉಳಿಯಿತು. ಸಿಂಗಪುರದಲ್ಲಿರುವ ಬ್ಯಾಂಕಿನ ಬರೀ ಬ್ರಾಂಚು ಇದ್ದಿದ್ದರೆ ಇಷ್ಟು ಸಲೀಸಾಗಿ ಆಗ್ತಿತ್ತು ಅಂತ ನನಗೆ ಅನ್ನಿಸೋದಿಲ್ಲ.

ನಮ್ಮ ಠೇವಣಿ ವಿಮೆಯ ನಿಯಮವೂ ಗಡಿಯ ವಿಷಯದಲ್ಲಿ ಸ್ಪಷ್ಟ. 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತಲ್ಲ, ಅದೇ ವಿಮೆ. ವಿದೇಶಿ ಬ್ಯಾಂಕಿನ ಭಾರತದ ಬ್ರಾಂಚಿನಲ್ಲಿಟ್ಟ ಹಣಕ್ಕೂ ಅದು ಉಂಟು. ಭಾರತದ ಬ್ಯಾಂಕು ಹೊರದೇಶದಲ್ಲಿ ತಗೊಂಡ ಠೇವಣಿಗೆ ಇಲ್ಲ. ಯಾರ ಅಂಗಳದಲ್ಲಿ ಹಣ ಬಿತ್ತೋ ಅವರೇ ಕಾಯಬೇಕು ಅನ್ನೋ ಲೆಕ್ಕ. ಬ್ರಿಟನ್ ಕೂಡ ಪೆಟ್ಟು ತಿಂದ ಮೇಲೆ ಅದೇ ಕಡೆ ವಾಲಿತು. ಯುರೋಪಿನ ಆಚೆಯ ಬ್ಯಾಂಕುಗಳು ಸಾಮಾನ್ಯ ಜನರ ಠೇವಣಿ ತಗೊಳ್ಳೋದಾದರೆ ಸಬ್ಸಿಡಿಯರಿ ಮಾಡಿಕೊಂಡು ಬನ್ನಿ ಅಂತ ಅಲ್ಲಿನ ನಿಯಂತ್ರಕರು ಹೇಳತೊಡಗಿದರು. 2018ರ ಏಪ್ರಿಲಿನಿಂದ ಲಂಡನ್ನಿನ ನಮ್ಮ ಕನ್ನಡದವರು ಹಣ ಇಡುವ ಸ್ಟೇಟ್ ಬ್ಯಾಂಕ್ ಕೂಡ ಕಾಗದದ ಮೇಲೆ ಬ್ರಿಟನ್ನಿನದೇ ಕಂಪನಿ, ‘ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ (ಯುಕೆ) ಲಿಮಿಟೆಡ್’. ಅವರ ಠೇವಣಿಗೆ ಈಗ ಬ್ರಿಟನ್ನಿನ ವಿಮೆ.

ಸಿನಿಮಾ ಮುಗಿಯೋದು ಸ್ವಾತಂತ್ರ್ಯ ದೇವತೆಯ ಪ್ರತಿಮೆ ಮೇಲೆ, ಹೋರಾಡಬೇಕು ಅನ್ನೋ ಮಾತಿನೊಂದಿಗೆ. ಶುರುವಿನಲ್ಲಿ ಕಂಡ ಆ ಕಪ್ಪು ಕಲ್ಲಿನ ದೇಶದ ಸುದ್ದಿ ಅಲ್ಲಿಲ್ಲ. ಆದರೂ ನೋಡಿಲ್ಲದಿದ್ದರೆ ನೋಡಿ, ಪ್ರೊಫೆಸರುಗಳು ಬೆವರೋದನ್ನ ನೋಡೋದಕ್ಕಾದರೂ. ಲಗಾರ್ಡ್ ಬಂದಾಗ ಮಾತ್ರ ಒಂದು ಸಲ ಪಾಸ್ ಒತ್ತಿ, ಹಿಂದಕ್ಕೆ ಹೋಗಿ ಆ ಭಾಗ ಮತ್ತೆ ನೋಡಿ.